ಹಗೇವಿಗೆ ಇಳಿಸಿದ ಕಂದೀಲು

ಸೂರ್ಯನ ಮಾರಿ ಕಂಡು ಇಪ್ಪತ್ತಾರು ದಿನಾ ಆಗಿತ್ತು. ರೇಣವ್ವ ಗ್ವಾಡಿ ಮ್ಯಾಲ ಇದ್ದಲಿಲೆ ದಿನಕ್ಕೊಂದು ಗೀಟು ಎಳಿತಿದ್ಳು. ಹದಿಮೂರು ವರ್ಷದ ಹುಡಿಗಿ, ಆದ್ರ ಆ ಗೀಟು ಎಳಿಯಾಕ ಏಳೂದು ಅಂದ್ರ ಆಕಿಗೆ ಗುಡ್ಡಾ ಹತ್ತಿಧಂಗ ಆಗ್ತಿತ್ತು. ಬರೇ ಆಕಿಗಷ್ಟ ಅಲ್ಲ, ಆ ಮನ್ಯಾಗ ಎಲ್ಲಾರೂ ಹಂಗ ಆಗಿದ್ರು.

ಅದು ಎಂಬತ್ನಾಕನೇ ಇಸವಿ. ದೊಡ್ಡ ದೊಡ್ಡ ದೇಶದವ್ರು ಒಬ್ಬರ ಮ್ಯಾಲೊಬ್ರು ಅಣುಬಾಂಬು ಒಗದ್ರು. ಯಾಕ ಒಗದ್ರು ಅಂತ ಕಮತಗಿ ಹಂತ್ಯಾಕಿದ್ದ ಆ ಹಳ್ಳಿಗೆ ಯಾರೂ ಹೇಳಲಿಲ್ಲ. ಹೇಳಿದ್ರೂ ಏನ ತಿಳಿತಿತ್ತು, ಮಣ್ಣು! ರೇಡಿಯೋ ಎರಡು ದಿನ ಮನಿ ಬಿಟ್ಟು ಹೊರಗ ಬರಬ್ಯಾಡ್ರಿ ಅಂತ ಒದರಿತು, ಮೂರನೇ ದಿನ ಅದೂ ಬಾಯಿ ಮುಚಗೊಂಡ್ತು. ಆಮ್ಯಾಲ ಪಡುವಣದಿಂದ ಮಬ್ಬು ಬಂತು. ಮಬ್ಬಿನೊಳಗಿಂದ ಕರಿ ಧೂಳಿ ಉದರಾಕ ಹತ್ತಿತು. ಬ್ಯಾಸಗ್ಯಾಗ ಹಲ್ಲ ಕಟಕಟ ಅನ್ನೂವಂಥ ಚಳಿ ಬಿತ್ತು. ಕೋಣ ಕೋಣ ಗುದ್ದಾಡಿ ಗಿಡದ ಬುಡಕ್ಕ ಬಂತು ಅಂತಾರಲ್ಲಾ, ಅದು ಇದ ನೋಡ್ರಿ.

ಮನಿ ಲಗಮವ್ವಂದು. ಲಗಮವ್ವ ಅಂದ್ರ ರೇಣವ್ವನ ಆಯಿ, ಅಪ್ಪನ ತಾಯಿ. ಮೊಳಾ ದಪ್ಪನ ಕಲ್ಲಿನ ಗ್ವಾಡಿ, ಮ್ಯಾಲ ಮಣ್ಣಿನ ಮಾಳಿಗಿ. "ಈ ಧೂಳಿಗೆ ಮಣ್ಣ ಒಂದ ಔಷಧಿ. ಈ ಮನಿ ಬಿಟ್ಟು ಕದಲಬ್ಯಾಡ್ರಿ" ಅಂತ ಸಾಲಿ ಮಾಸ್ತರು ಪಂಢರೀನಾಥ ಮೊದಲನೇ ದಿನಾನ ಹೇಳಿ, ತಾವೂ ಬಂದು ಮೂಲ್ಯಾಗ ಕೂತಿದ್ರು. ಅವರ ಹೆಂಡ್ತಿ ರುಕ್ಮಿಣೀಬಾಯಿ ಇಳಕಲ್ಲಿನ್ಯಾಗ ಇದ್ಳು. ಆಕಿ ಸುದ್ದಿ ಯಾರೂ ಕೇಳ್ತಿದ್ದಿಲ್ಲ, ಅವರೂ ತಗೀತಿದ್ದಿಲ್ಲ. ರೇಣವ್ವನ ಅಪ್ಪ ಗುರಪ್ಪ, ಕಾಕಾ ಇಬ್ರೂ ಕುರಿ ಹೊಡಕೊಂಡು ಕೂಡಲಸಂಗಮದ ಕಡೆ ಹೋದವ್ರು ತಿರುಗಿ ಬಂದಿದ್ದಿಲ್ಲ. ತಾಯಿ ಮೊದಲ ಇಲ್ಲ. ಉಳದವ್ರು ಅಂದ್ರ ಕಾಕಿ ರಾಮವ್ವ, ಆಕಿ ಹದಿನಾರು ವರ್ಷದ ಮಗ ಕನಕಪ್ಪ, ಎಂಟು ತಿಂಗಳದ ಒಂದು ಹೆಣ್ಣಕೂಸು.

ಆಯಿ ದಿನಾ ಮುಂಜಾನೆ ಒಂದ ಮಾತು ಕೇಳ್ತಿದ್ಳು. "ಇವತ್ತ ಅಮಾಸಿ ಏನ?"

ಯಾರಿಗೆ ಗೊತ್ತಿತ್ತು? ಚಂದ್ರಾಮನೂ ಕಾಣಂಗಿಲ್ಲ, ಸೂರ್ಯನೂ ಕಾಣಂಗಿಲ್ಲ. ಗೊತ್ತಿಲ್ಲ ಅಂದ್ರ ಆಯಿ ಅಂತಿದ್ಳು, "ಇದ್ದರೂ ಇರಬೌದು. ನನಗ ರೊಟ್ಟಿ ಬ್ಯಾಡ." ಹಿಂಗ ದಿನಾ ಅಮಾಸಿ ಮಾಡಿ ಮಾಡಿ ಆಕಿ ಕೈ ಹುರಿ ಹಗ್ಗಧಂಗ ಆಗಿದ್ವು.

ಆ ಉಪವಾಸದ ಬುಡಾ ಎಲ್ಲೈತಿ ಅಂತ ರೇಣವ್ವಗೊಬ್ಬಾಕಿಗೇ ಖರೆ ಗೊತ್ತಿತ್ತು.

ಅಂಗಳದಾಗ ಒಂದು ಹಗೇವಿತ್ತು. ನೆಲಾ ತೋಡಿ ಜ್ವಾಳಾ ತುಂಬಿಡೂ ಗುಂಡಿ ಅದು. ಮ್ಯಾಲ ಒಬ್ರು ಇಳಿಯೂವಷ್ಟ ಬಾಯಿ, ಒಳಗ ಗಡಿಗಿ ಹೊಟ್ಟಿಹಂಗ ಅಗಲ, ಮೂರಾಳು ಆಳ. ಬಾಯಿ ತಗದ ಕೂಡ್ಲೆ ಹಗೇವಿಗೆ ಇಳಿಬಾರ್ದು, ಕೂಸಿಗೂ ಗೊತ್ತಿದ್ದ ಮಾತು. ಒಳಗ ಕೆಟ್ಟ ಉಬಿ ಕೂತಿರತೈತಿ, ಒಂದ ಉಸರಿಗೆ ಮನಷ್ಯಾನ್ನ ಕೆಡವತೈತಿ. ಅದಕ್ಕ ಮೊದಲ ಕಂದೀಲು ಇಳಿಸಿ ನೋಡಬೇಕು. ಆರಿತು ಅಂದ್ರ ಕಾಯಬೇಕು, ಉರೀತು ಅಂದ್ರ ಇಳಿಬೇಕು.

ಮೂರು ವರ್ಷದ ಹಿಂದ ಒಂದು ಅಮಾಸಿ ದಿನಾ ಮನ್ಯಾಗ ಹಿಟ್ಟು ತೀರಿತ್ತು. ಹಗೇವು ತಗೀರಿ ಅಂತ ಆಯಿ ಹೇಳಿದ್ಳು. ರೇಣವ್ವನ ಅಣ್ಣ ಹುಲ್ಲಪ್ಪ ಇಳದ, ಇಳದಾಂವ ಏಳಲಿಲ್ಲ. "ಅಮಾಸಿ ದಿನಾ ಭೂಮಿತಾಯಿ ಹೊಟ್ಟಿ ತಗಸಿದ್ನಿ, ನನ್ನ ಕೈಯಾರೆ ಮೊಮ್ಮಗನ್ನ ಕೊಂದ್ನಿ" ಅಂತ ಆಯಿ ಹಣಿ ಹಣಿ ಬಡಕೊಂಡ್ಳು. ಹಗೇವಿನ ಬಾಯಿಗೆ ಕಲ್ಲು ಹಾಕಿಸಿ ಮಣ್ಣು ಮೆತ್ತಿಸಿದ್ಳು. ಅವತ್ತಿನಿಂದ ಅಮಾಸಿ ಬಂದ್ರ ಆಕಿ ಬಾಯಾಗ ನೀರೂ ಇಲ್ಲ.

ಕಂದೀಲು ಇಳಿಸಿದ್ದು ಹತ್ತು ವರ್ಷದ ರೇಣವ್ವ. ಉದ್ದನ ಹಗ್ಗೆಲ್ಲಾ ಅಪ್ಪ ಕುರಿದಡ್ಡಿಗೆ ಒಯ್ದಿದ್ದ. ಇದ್ದದ್ದು ಗಿಡ್ಡ ಹಗ್ಗ, ಅದು ಹಗೇವಿನ ನಡುಮಟಾ ಅಷ್ಟ ಹೋತು. ಇನ್ನೊಂದು ಹಗ್ಗಾ ತಂದು ಗಂಟು ಹಾಕಬೇಕಿತ್ತು. ಆದ್ರ ಹುಲ್ಲಪ್ಪ, "ಉರಿತೈತೇನ ಹೇಳಲೇ, ಎಷ್ಟೊತ್ತು?" ಅಂತ ಗಡಿಬಿಡಿ ಮಾಡ್ತಿದ್ದ. ಆಕಿಗೂ ಆಟಕ್ಕ ಓಡೂದಿತ್ತು. ನಡುವ ತೂಗ್ಯಾಡೂ ದೀಪಾ ನೋಡಿ, "ಉರಿತೈತಣ್ಣಾ" ಅಂದಬಿಟ್ಳು.

ಮೂರು ವರ್ಷ ಆ ಮಾತು ಆಕಿ ಗಂಟಲದಾಗ ಮುಳ್ಳಿನಂಗ ಕೂತಿತ್ತು. ಉಗಳಾಕೂ ಆಗವಲ್ದು, ನುಂಗಾಕೂ ಆಗವಲ್ದು.

ಇಪ್ಪತ್ತಾರನೇ ದಿನಾ ಮಧ್ಯಾಹ್ನ, ಮಧ್ಯಾಹ್ನ ಅಂದ್ರ ಏನು, ಬರೇ ಬೂದಿ ಬಣ್ಣದ ಬೆಳಕು, ರಾಮವ್ವ ಕಾಳಿನ ಗುಮ್ಮಿ ತಳಾ ಕೆರದು ಬಂದು ಬರಿಗೈ ತೋರಿಸಿದ್ಳು. ಆಕಿ ಎದ್ಯಾಗ ಹಾಲ ಬತ್ತಿದ್ವು. ಕೂಸು ಅಳೂದನ್ನ ಬಿಟ್ಟು ಸುಮ್ನ ಮಾಳಿಗಿ ಜಂತಿ ನೋಡ್ಕೋತ ಬಿದ್ದಿತ್ತು. ತಂಗಿ ಸುಮ್ಮನಿದ್ದದ್ದು ನೋಡಿ ಕನಕಪ್ಪ ತಡಕೊಳ್ಳಲಿಲ್ಲ, ಎದ್ದ ನಿಂತ.

"ಹಗೇವು ತಗೀತೇನಿ. ಆಯಿ, ನೀ ಏನರ ಅನ್ನು."

ಆಯಿ ಗ್ವಾಡಿ ಕಡೆ ಮಾರಿ ತಿರುವಿದ್ಳು. ಮಾಸ್ತರು ದಣಿದ ದನಿಲೆ ಹೇಳಿದ್ರು, "ಈಗ ಶುದ್ಧ ಇರೂದು ನೆಲದೊಳಗಿನ ಕಾಳಷ್ಟ. ಆದ್ರ ಹಗೇವಿನ ತಗದ ಬಾಯಾಗ ಧೂಳಿ ಬೀಳಬಾರ್ದಪಾ. ಮ್ಯಾಲ ಕಂಬಳಿ ಹಿಡಿಯೂಣು. ಮತ್ತ ಅರ್ಧ ತಾಸಿನ ಮ್ಯಾಲ ಒಬ್ರೂ ಹೊರಗ ನಿಂದ್ರಬಾರ್ದು, ಮೈಮ್ಯಾಲ ಬಿದ್ದಷ್ಟೂ ವಿಷಾ."

ಮಾರಿಗೆ ಅರಬಿ ಸುತಗೊಂಡು ಎಲ್ಲಾರೂ ಹೊರಗ ಬಂದ್ರು. ಕರಿ ಕಂಬಳಿದೊಂದು ಚಪ್ಪರಾ ಹಿಡದ್ರು, ಮೂಲಿಗೊಬ್ರು. ಆಯಿನೂ ಒಂದು ಮೂಲಿ ಹಿಡದು ನಿಂತಿದ್ಳು, ಕಣ್ಣು ಮಾತ್ರ ನೆಲಕ್ಕ. ಕನಕಪ್ಪ ಹಾರಿ ಹಾಕಿ ಕಲ್ಲು ಮಗ್ಗಲಕ್ಕ ಸರಿಸಿದ. ಹಳೇ ಮಣ್ಣಿನ ವಾಸನಿ ಮ್ಯಾಲ ಬಂತು. ಹಗ್ಗದ ತುದಿಗೆ ಕಂದೀಲು ಕಟ್ಟಿ ಇಳಿಸಿದ. ಅದ ಗಿಡ್ಡ ಹಗ್ಗ, ಮನ್ಯಾಗ ಇದ್ದದ್ದೂ ಅದೊಂದ. ಕಂದೀಲು ನಡುವ ತೂಗ್ಯಾಡಾಕ ಹತ್ತಿತು.

"ಉರಿತೈತಿ ನೋಡ್ರಿ!" ಅಂದ ಕನಕಪ್ಪ. "ಇಳಿತೇನಿ." ಹಗೇವಿನ ಗ್ವಾಡಿಗೆ ಕೊರದ ಮೆಟ್ಟಿನ ಮ್ಯಾಲ ಒಂದ ಕಾಲು ಇಟ್ಟೂ ಬಿಟ್ಟ.

ರೇಣವ್ವ ಕೈಯಾಗಿನ ಕಂಬಳಿ ಮೂಲಿ ಬಿಟ್ಳು. ಹೋಗಿ ಅವನ ರಟ್ಟಿ ಹಿಡದ್ಳು. "ಇಳಿಬ್ಯಾಡ."

"ಬಿಡಲೇ. ದೀಪ ಉರಿತೈತಿ, ಕಾಣೂದಿಲ್ಲೇನ?"

"ಅದು ನಡುವ ಐತಿ. ಉಬಿ ತಳದಾಗ ಕೂತಿರತೈತಿ."

"ಹುಚ್ಚೀ, ಕೂಸು ಸಾಯಾಕ ಹತ್ತೇತಿ ಅಲ್ಲಿ! ಇನ್ನ ಕಾಯೂದಂದ್ರ ಈ ಧೂಳ್ಯಾಗ ಎಲ್ಲಾರೂ ಸಾಯೂದು. ನಿನಗ ಹೆಂಗ ಗೊತ್ತು ತಳದಾಗ ಐತಿ ಅಂತ?"

ಬಾಂಬಿಗೆ ಅಂಜಿದ್ಳು, ಧೂಳಿಗೆ ಅಂಜಿದ್ಳು, ಆದ್ರ ಇಷ್ಟ ಅಂಜಿಕಿ ಯಾವತ್ತೂ ಬಂದಿದ್ದಿಲ್ಲ. ಒಂದ ಮಾತು ಆಡಿದ್ರ ಆಯಿ ತನ್ನ ಮಾರಿ ಇನ್ನೆಂದೂ ನೋಡ್ಲಿಕ್ಕಿಲ್ಲ. ಆಡ್ಲಿಲ್ಲ ಅಂದ್ರ ಕನಕಪ್ಪ ಇಳಿತಾನ.

"ಯಾಕಂದ್ರ ಹುಲ್ಲಪ್ಪಣ್ಣ ಹಿಂಗ ಸತ್ತ" ಅಂದ್ಳು. ದನಿ ಬಿರಕ ಬಿಟ್ಟಿತ್ತು. "ಅವತ್ತೂ ಇದ ಹಗ್ಗ, ಇದ ಕಂದೀಲು. ತಳಾ ಮುಟ್ಟಲಿಲ್ಲ. ನನಗ ಗೊತ್ತಿತ್ತು ಮುಟ್ಟಿಲ್ಲ ಅಂತ. ಆದ್ರೂ ಉರಿತೈತಿ ಅಂದ್ನಿ. ಆಟಕ್ಕ ಹೋಗೂದಿತ್ತು ನನಗ. ಆಯಿ, ಅಮಾಸಿ ಕೊಲ್ಲಲಿಲ್ಲ ಅವನ್ನ. ನೀ ಕೊಲ್ಲಲಿಲ್ಲ. ನಾ ಸುಳ್ಳು ಹೇಳಿದ್ನಿ."

ಕಂಬಳಿ ಮ್ಯಾಲ ಧೂಳಿ ಬೀಳೂ ಸಪ್ಪಳಾ ಅಷ್ಟ. ಆಯಿ ಕಂಬಳಿ ಮೂಲಿ ರಾಮವ್ವನ ಕೈಯಾಗ ಕೊಟ್ಟು ಒಳಗ ಹ್ವಾದ್ಳು. ಕನಕಪ್ಪ ಮೆಟ್ಟಿನ ಮ್ಯಾಲಿಂದ ಕಾಲು ತಗದು ರೇಣವ್ವನ ಮಾರಿ ನೋಡ್ದ. ಮುಗೀತು, ಆಯಿ ನನ್ನ ಪಾಲಿಗೆ ತೀರಿದ್ಳು ಅಂತ ರೇಣವ್ವ ಅಲ್ಲೇ ಕೂತು ಬಿಕ್ಕಾಕ ಹತ್ತಿದ್ಳು.

ಒಳಗಿಂದ ಸಂದೂಕದ ಮುಚ್ಚಳಾ ಕಿರ್ರ ಅನ್ನೂ ಸಪ್ಪಳಾ ಬಂತು. ಆಯಿ ಹೊರಗ ಬಂದ್ಳು. ಕೈಯಾಗೊಂದು ಇಳಕಲ್ ಸೀರಿ, ಮಡಿಕಿ ಬಿಚ್ಚದ್ದು, ಕೆಂಪು ಟೋಪ ಸೆರಗಿಂದು. ಹುಲ್ಲಪ್ಪನ ಮದುವ್ಯಾಗ ಅವನ ಹೆಂಡ್ತಿಗೆ ಉಡಸಾಕ ಅಂತ ತಗದಿಟ್ಟದ್ದು, ಎಲ್ಲಾರಿಗೂ ಗೊತ್ತಿತ್ತು. ಆಯಿ ಅದನ್ನ ಹಗ್ಗದ ಹಂತ್ಯಾಕ ಒಗದ್ಳು.

"ಕಟ್ಟ" ಅಂದ್ಳು.

ರೇಣವ್ವ ಕಣ್ಣೀರಾಗ ತಡಕಾಡಿ ಹಗ್ಗದ ಮ್ಯಾಲಿನ ತುದಿಗೆ ಸೀರಿ ತುದಿ ಬಿಗದ್ಳು, ಎರಡು ಸಲ ಜಗ್ಗಿ ನೋಡಿದ್ಳು. ಕಂದೀಲು ಮತ್ತ ಇಳೀತು. ನಡುವ ಉರೀತು. ಇನ್ನೊಂದು ಮೊಳಾ ಇಳಿಸಿದ್ರು, ಉರೀತು. ಮತ್ತೊಂದು ಮೊಳಾ ಇಳಿಸಿದ್ರು, ಯಾರೋ ಚಿವುಟಿಧಂಗ ಪಕ್ಕನ ಆರಿತು.

ಕನಕಪ್ಪ ಕತ್ತಲಿ ತುಂಬಿದ ಆ ಬಾಯಿ ನೋಡ್ಕೋತ ಕುಸದು ಕೂತ. "ಎವ್ವಾ" ಅಂದ, ಅಷ್ಟ.

ಆಮ್ಯಾಲಿಂದು ಬರೇ ದುಡಿತ. ಒಂದು ಕೌದಿ ಗಂಟು ಕಟ್ಟಿ ಹಗ್ಗಕ್ಕ ಬಿಗದು ಇಳಿಸೂದು, ಎತ್ತೂದು, ಇಳಿಸೂದು, ಎತ್ತೂದು. ಹೊಲಸ ಗಾಳಿ ಮ್ಯಾಲ ಬರ್ಲಿ, ಚೊಲೊ ಗಾಳಿ ಒಳಗ ಹೋಗ್ಲಿ. ಅರ್ಧ ತಾಸಿಗೊಮ್ಮೆ ಬಾಯಿಗೆ ಕಂಬಳಿ ಮುಚ್ಚಿ ಒಳಗ ಬಂದು ಮೈ ಝಾಡಿಸೂದು, ದಮ್ಮ ತಿಂದು ಮತ್ತ ಹೋಗೂದು. ರೇಣವ್ವನ ಅಂಗೈ ಕಿತ್ತು ಬಂದ್ವು. ಮಾಸ್ತರು ಎರಡು ಸಲ ಬವಳಿ ಬಂದು ಬಿದ್ರು. ಆಯಿ ರೇಣವ್ವನ ಕೂಡ ಒಂದ ಮಾತೂ ಆಡಲಿಲ್ಲ, ಆದ್ರ ಒಂದ ಸರತಿನೂ ಕಂಬಳಿ ಮೂಲಿ ಬಿಡಲಿಲ್ಲ. ಕೂಸಿಗೆ ರಾಮವ್ವ ಬೆಲ್ಲದ ನೀರು ನೆಕ್ಕಸ್ತಿದ್ಳು. ಆ ಬೆಲ್ಲಾನೂ ಮುಗೀತು.

ಮರುದಿನಾ ಮುಂಜಾನೆ ಆರನೇ ಸಲ ಕಂದೀಲು ತಳಕ್ಕ ಹೋತು. ಆರಲಿಲ್ಲ. ನೂರು ಎಣಿಸೂತನಕಾ ನೋಡಿದ್ರು, ಆರಲಿಲ್ಲ.

"ನಾ ಇಳಿತೇನಿ" ಅಂದ ಕನಕಪ್ಪ.

"ಬ್ಯಾಡ. ಇದು ನಂದು" ಅಂದ್ಳು ರೇಣವ್ವ.

ಆಯಿ ಮುಂದ ಬಂದ್ಳು. ಸೀರಿ ಇನ್ನೊಂದು ತುದಿ ತಗೊಂಡು ಮೊಮ್ಮಗಳ ನಡಕ್ಕ ಸುತ್ತಿ ಸುತ್ತಿ ಗಂಟು ಹಾಕಿದ್ಳು. ಹುರಿ ಹಗ್ಗಧಂಥ ಆ ಕೈಯಾಗ ಅಷ್ಟ ಕಸುವು ಎಲ್ಲಿತ್ತೋ ಏನೋ, ಹುಡಿಗಿಗೆ ಉಸರ ಹಿಡಧಂಗ ಆತು.

ಮೆಟ್ಟು ಮೆಟ್ಟು ಹಿಡದು ರೇಣವ್ವ ಇಳದ್ಳು. ಮ್ಯಾಲಿನ ಬಾಯಿ ಸಣ್ಣದಾತು. ಹುಲ್ಲಪ್ಪನೂ ಇವ ಮೆಟ್ಟು ಹಿಡದಿದ್ದ. ಅಣ್ಣಾ, ಅಣ್ಣಾ ಅನಕೋತ ಇಳದ್ಳು. ಕಾಲು ಜ್ವಾಳದಾಗ ಮೊಳಕಾಲ ಮಟಾ ಹೂತ್ವು. ಜ್ವಾಳಾ ಬೆಚ್ಚಗಿದ್ವು! ಮ್ಯಾಲ ಜಗತ್ತ ಥಂಡಿ ಹಿಡದು ಸಾಯಾಕ ಹತ್ತಿದ್ರ, ಇಲ್ಲಿ ಮೂರು ವರ್ಷದ ಹಿಂದಿನ ಬಿಸಲು ಇನ್ನೂ ಆರಿದ್ದಿಲ್ಲ. ಬೊಗಸಿ ತುಂಬಿ ಮಾರಿಗೆ ಒತಗೊಂಡು ಆಕಿ ಗಳಗಳ ಅತ್ಳು.

ಮ್ಯಾಲಿಂದ ಆಯಿ ದನಿ ಬಂತು. ನಿನ್ನಿ "ಕಟ್ಟ" ಅಂದಮ್ಯಾಲ ಆಕಿ ರೇಣವ್ವನ ಕೂಡ ಆಡಿದ ಮೊದಲನೇ ಮಾತು.

"ರೇಣೀ, ದೀಪಾ?"

"ಉರಿತೈತಿ, ಆಯಿ."

"ಎಲ್ಲಿ?"

"ತಳದಾಗ. ನನ್ನ ಕಾಲ ಹಂತ್ಯಾಕ."

ಮ್ಯಾಲ ಆಯಿ ಮೂಗು ಒರಸಿಕೊಂಡದ್ದು ಕೇಳಿಸ್ತು.

"ಇವತ್ತ ಅಮಾಸಿ ಐತೋ ಇಲ್ಲೋ, ಆ ಬೀರಪ್ಪದೇವರಿಗೆ ಗೊತ್ತು" ಅಂದ್ಳು. "ಇದ್ದರ ಇರ್ಲಿ. ಬುಟ್ಟಿ ಬಿಡ್ತೇನಿ ಹಿಡಿ. ಇವತ್ತ ನಾ ಉಣ್ತೇನಿ."