ಕೈ ಅಕ್ಕನದು, ಬಾಯಿ ತಮ್ಮನದು

ಹಿಪ್ಪರಗಿಯ ಚನಮಲ್ಲಪ್ಪನ ಮನೆಯಲ್ಲಿ ಊಟದ ಹೊತ್ತಾದರೆ ಮೊದಲು ತೆರೆಯುತ್ತಿದ್ದದ್ದು ಗುರುಸಿದ್ದನ ಬಾಯಿ. ಆರು ವರ್ಷದ ಹುಡುಗ, ಒಂದನೇ ತರಗತಿ. ಸೈಕಲ್ ತುಳಿಯುತ್ತಿದ್ದ, ಅಪ್ಪನ ಮೊಬೈಲಿನ ಲಾಕ್ ತೆಗೆಯುತ್ತಿದ್ದ, ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಓಡಿ ಜಲ್ಲೆ ಎಳೆದುಕೊಳ್ಳುತ್ತಿದ್ದ. ತಾಟಿನ ಮುಂದೆ ಕೂತರೆ ಮಾತ್ರ ಎರಡೂ ಕೈ ತೊಡೆಯ ಮೇಲಿಟ್ಟು ಬಾಯಿ ತೆರೆದುಬಿಡುತ್ತಿದ್ದ. ಹತ್ತು ವರ್ಷದ ಅಕ್ಕ ಅಕ್ಷತಾ ರೊಟ್ಟಿ ಮುರಿದು, ಪಲ್ಯ ಹಚ್ಚಿ, ತುತ್ತು ಇಡುತ್ತಿದ್ದಳು. ಅವನದು ಮುಗಿದ ಮೇಲೆ, ಆರಿ ತಣ್ಣಗಾದದ್ದು ಅವಳದು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಆ ಮನೆಯಲ್ಲಿ ಕೆಸರಾಗುವ ಕೈ ಅಕ್ಕನದು, ಮೊಸರು ತಿನ್ನುವ ಬಾಯಿ ತಮ್ಮನದು.

ತಾಯಿ ಶೈಲಾಳಿಗೆ ಅದನ್ನು ನೋಡುತ್ತ ಒಂದು ಕಡೆ ಕೂರಲಾಗುತ್ತಿರಲಿಲ್ಲ. ನೀರು ತರುವ ನೆವ, ಎಮ್ಮೆಗೆ ಮೇವು ಹಾಕುವ ನೆವ ಹುಡುಕಿ ಒಳಗೆ ಹೊರಗೆ ಅಡ್ಡಾಡುತ್ತಿದ್ದಳು. ಏಕೆಂದರೆ ಇದು ಶುರುವಾದ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು.

ಆಗ ಗುರುಸಿದ್ದನಿಗೆ ಒಂಬತ್ತು ತಿಂಗಳು. ತಾಯಿಯ ತೊಡೆಯ ಮೇಲೆ ಕೂತವನು ಹಾಲಿನಲ್ಲಿ ನೆನೆಸಿದ ರೊಟ್ಟಿಯ ಬಟ್ಟಲಿಗೆ ಅಂಗೈ ಪೂರ್ತಿ ಅದ್ದಿ, ಮುಷ್ಟಿಯನ್ನೇ ಬಾಯಿಗೆ ತುರುಕಿಕೊಂಡ. ಅರ್ಧ ಚೆಲ್ಲಿತು, ಅರ್ಧ ಒಳಗೆ ಹೋಯಿತು, ಕೂಸು ಕಿಲಕಿಲ ನಕ್ಕಿತು. ಅತ್ತೆ ಮುತ್ತವ್ವ ಓಡಿ ಬಂದು ಅದರ ಕೈ ಹಿಡಿದು, ಬೆರಳು ಬೆರಳನ್ನೂ ಸೆರಗಿನಿಂದ ಒರೆಸಿದಳು.

"ಇನ್ನ ಮ್ಯಾಲ ಇವನ ಕೈ ತಾಟಿಗೆ ಹೋಗಬಾರದು ನೋಡ. ನಾ ಇರೂತನಕ ನಾ ಉಣಸ್ತೇನಿ."

ಮುತ್ತವ್ವನ ಚೊಚ್ಚಲ ಮಗ ಹನ್ನೊಂದು ತಿಂಗಳಲ್ಲಿ ಸತ್ತಿದ್ದ. ಅಂಗಳದಲ್ಲಿ ಬಿದ್ದ ಶೇಂಗಾ ಕಾಳನ್ನು ತಾನೇ ಹೆಕ್ಕಿ ಬಾಯಿಗೆ ಹಾಕಿಕೊಂಡಿದ್ದ, ಅದು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಚಕ್ಕಡಿ ಜಮಖಂಡಿಯ ದವಾಖಾನೆಯ ಹಾದಿ ಹಿಡಿಯುವ ಮೊದಲೇ ಉಸಿರು ನಿಂತಿತ್ತು. ಅದಾಗಿ ನಲವತ್ತು ವರ್ಷವಾದರೂ ಮುತ್ತವ್ವ ರೊಟ್ಟಿಯ ಜೊತೆ ಶೇಂಗಾ ಹಿಂಡಿ ಮುಟ್ಟುವುದಿಲ್ಲ. ಅವಳ ದುಃಖ ಸುಳ್ಳಲ್ಲ. ಆದರೆ ಖರೆ ದುಃಖವೂ ಮನುಷ್ಯನನ್ನು ತಪ್ಪು ಹಾದಿಗೆ ಹಚ್ಚುತ್ತದೆ, ಆ ಹಾದಿಯಲ್ಲಿ ಮನೆಮಂದಿಯನ್ನೆಲ್ಲ ಎಳೆದುಕೊಂಡು ಹೋಗುತ್ತದೆ. ಆ ದಿನ ಶೈಲಾ ಬಟ್ಟಲನ್ನು ಅತ್ತೆಯ ಕೈಗೆ ಕೊಟ್ಟುಬಿಟ್ಟಳು. ಮುಂದೆ ಮುತ್ತವ್ವನ ಕೈ ನಡುಗತೊಡಗಿ ತುತ್ತು ಗದ್ದಕ್ಕೆ ಬಡಿಯಲು ಶುರುವಾದಾಗ ಕೆಲಸ ಅಕ್ಷತಾಳಿಗೆ ಬಂತು. ಆಗ ಅವಳಿಗೆ ಏಳು ವರ್ಷ.

ಶಾಲೆಯಲ್ಲೂ ಅದೇ. ಬಿಸಿಯೂಟದ ಗಂಟೆ ಬಾರಿಸಿದರೆ ಐದನೆಯ ತರಗತಿಯ ಅಕ್ಷತಾ ಒಂದನೆಯ ತರಗತಿಯ ಸಾಲಿಗೆ ಓಡಬೇಕು. ಹೀಗಿರುವಾಗ ಒಂದು ದಿನ ಅವಳು ಜ್ವರ ಬಂದು ಮನೆಯಲ್ಲಿ ಉಳಿದಳು. ಗುರುಸಿದ್ದ ತುಂಬಿದ ತಾಟಿನ ಮುಂದೆ ಬಾಯಿ ತೆರೆದು ಕೂತ. ಹುಡುಗರಿಗೆ ಇದಕ್ಕಿಂತ ಚಂದದ ಆಟ ಬೇಕೇ? ಒಬ್ಬ ಸೀಮೆಸುಣ್ಣದ ತುಂಡು ತಂದು ಆ ಬಾಯಿಗೆ ಇಟ್ಟ. ಬಾಯಿಗೆ ಬಂದದ್ದನ್ನು ನೋಡದೆ ನುಂಗುವುದೇ ಗುರುಸಿದ್ದನಿಗೆ ರೂಢಿ. ನುಂಗಲು ಹೋದ, ಗಂಟಲಲ್ಲಿ ಸಿಕ್ಕಿಕೊಂಡಿತು. ಪ್ರತಿಮಾ ಟೀಚರು ಓಡಿ ಬಂದು ಅವನನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಗುದ್ದದಿದ್ದರೆ ಆ ಮನೆಯಲ್ಲಿ ಎರಡನೆಯ ಸಾವು ಆಗುತ್ತಿತ್ತು.

ಅಂದು ಸಂಜೆಯೇ ಟೀಚರು ಮನೆಗೆ ಬಂದರು.

"ಅಜ್ಜಿ, ಇಂವಾ ತನ್ನ ಕೈಲೆ ಉಂಡಿದ್ದಕ್ಕ ಗಂಟಲಾಗ ಸಿಗಲಿಲ್ಲರಿ, ಉಣ್ಣಲಾರದ್ದಕ್ಕ ಸಿಕ್ತು. ಬಾಯಿಗೆ ಏನು ಹೊಂಟೈತಿ ಅಂತ ಕೈಗೆ ಗೊತ್ತಿರಬೇಕಲ್ಲರಿ. ಕೂಸು ಆರು ತಿಂಗಳ ದಾಟಿ ತಾನ ಕುಂಡ್ರಾಕ ಹತ್ತಿದ್ರ, ಕೈಯಾಗ ಮೆತ್ತನ್ನ ತಿನಿಸು ಕೊಡಬೇಕು. ಎಂಟು ಒಂಬತ್ತು ತಿಂಗಳಿಗೆ ಹೆಕ್ಕಿ ತಿಂತೈತಿ. ವರ್ಷ ಒಂದೂವರಿ ವರ್ಷಕ್ಕ ತಾಟಿನ್ಯಾಗ ಕೈ ಹಾಕಾಕಬೇಕು. ಚೆಲ್ಲಲಿ, ಮೈತುಂಬ ಬಳಕೊಳ್ಳಲಿ. ಶೇಂಗಾ, ಕಡ್ಲಿ ಅಂಥ ಗಟ್ಟಿ ಕಾಳು ಕೊಡಬಾರದು, ದೊಡ್ಡವರು ಮಗ್ಗಲ ಬಿಟ್ಟು ಏಳಬಾರದು. ಇಷ್ಟರಿ."

"ನೀ ಎಷ್ಟ ಹಡದೀಯವಾ?" ಎಂದು ಕೇಳಿದಳು ಮುತ್ತವ್ವ.

"ಇನ್ನ ಇಲ್ಲರಿ."

"ಹಂಗಾದ್ರ ಚಾ ಕುಡದ ಹೋಗು."

ಮರುದಿನ ಅಕ್ಷತಾಳ ಮೈ ಇನ್ನೂ ಸುಡುತ್ತಿತ್ತು. ಮುತ್ತವ್ವ ಅವಳ ಕಿವಿಗೆ ಸ್ಕಾರ್ಫ್ ಕಟ್ಟಿ ಶಾಲೆಗೆ ಕಳಿಸಿದಳು. "ಕಲೀಬ್ಯಾಡ, ಸುಮ್ನ ಕುಂಡ್ರು. ಊಟದ ಹೊತ್ತಿಗೆ ಎದ್ದು ತಮ್ಮಗ ಉಣಸು ಸಾಕು." ಶೈಲಾ ಬಾಗಿಲಲ್ಲಿ ನಿಂತು ನೋಡಿದಳು. ಆ ದಿನವಿಡೀ ರೊಟ್ಟಿ ಸುಟ್ಟವು, ಹಾಲು ಉಕ್ಕಿತು, ಹಿಡಿದ ಕೆಲಸ ಒಂದೂ ಕೈಗೆ ಹತ್ತಲಿಲ್ಲ.

ಬೇಸಿಗೆಯಲ್ಲಿ ಬೀಳಗಿ ಕಡೆಯ ಒಂದು ವಸತಿ ಶಾಲೆಯ ಪಟ್ಟಿ ಬಂತು. ಪ್ರವೇಶ ಪರೀಕ್ಷೆ ಬರೆದಿದ್ದ ಅಕ್ಷತಾಳ ಹೆಸರು ಅದರಲ್ಲಿತ್ತು. ಊಟ, ವಸತಿ, ಪುಸ್ತಕ ಎಲ್ಲ ಅಲ್ಲಿಯೇ. ಸೋಮವಾರದೊಳಗೆ ಹೋಗಿ ಸೇರಬೇಕು, ತಪ್ಪಿದರೆ ಸೀಟು ಮುಂದಿನವರಿಗೆ.

"ಈಕಿ ಹ್ವಾದ್ರ ಗುರುಸಿದ್ದಗ ಉಣಸವರ ಯಾರು?" ಎಂದಳು ಮುತ್ತವ್ವ. "ಇಲ್ಲೇ ಕಲೀಲಿ. ಸಾಲಿ ಎಲ್ಲಿಗಿ ಓಡಿ ಹೊಂಟೈತಿ?"

ಸಮೀರವಾಡಿಯ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದಿದ್ದ ಚನಮಲ್ಲಪ್ಪ ಬೂಟು ಬಿಚ್ಚುತ್ತ, "ಅವ್ವ ಅನ್ನೂದೂ ಖರೆ ಐತಿ. ಬರೂ ವರ್ಷ ನೋಡೂಣು" ಎಂದ.

"ಬರೂ ವರ್ಷ ತೊಗೊಳ್ಳಂಗಿಲ್ಲರಿ. ಆರನೇ ಕ್ಲಾಸಿಗೆ ಅಷ್ಟ ತೊಗೋತಾರ" ಎಂದಳು ಶೈಲಾ. ಉತ್ತರ ಕೊಟ್ಟವಳು ಅಕ್ಷತಾ.

"ನಾ ಹೋಗಂಗಿಲ್ಲ ಬಿಡಬೇ. ತಮ್ಮ ಉಪಾಸ ಬೀಳ್ತಾನ."

ಹತ್ತು ವರ್ಷದ ಹುಡುಗಿ ಅರವತ್ತರ ಮುದುಕಿಯ ಹಾಗೆ ಆಡಿದ ಆ ಮಾತು ಶೈಲಾಳ ಎದೆಗೆ ನಾಟಿತು. ಕಸ ಹೊಡೆಯುತ್ತಿದ್ದವಳು ಕಸಬರಿಗೆ ಬಿಟ್ಟು ಅತ್ತೆಯ ಎದುರು ಬಂದು ನಿಂತಳು.

"ಅತ್ತಿ, ಅಕ್ಷತಾ ಎಂಟು ತಿಂಗಳಾಗ ಕಟ್ಟಿ ಮ್ಯಾಲ ಒಬ್ಬಾಕಿನ ಕುಂತು ರೊಟ್ಟಿ ಚೀಪತಿದ್ಲು. ನಾವು ಹೊಲಕ್ಕ ಹೋಗಿ ಬರೂತನಕ ತಾನ ತಿಂದು ತಾನ ಮಲಗತಿದ್ಲು. ಆವಾಗ ಈಕಿ ಗಂಟಲಾಗ ಸಿಗತೈತಿ ಅಂತ ನಿಮಗ ಅಂಜಿಕಿ ಬರಲಿಲ್ಲೇನ್ರಿ?"

"ಆಕಿ ಹೆಣ್ಣಮಗಳು..." ಎಂದಳು ಮುತ್ತವ್ವ. ಅಷ್ಟು ಹೇಳಿ ತನ್ನ ಮಾತು ತನಗೇ ಕೇಳಿಸಿದಂತೆ ನಿಂತುಬಿಟ್ಟಳು.

"ಹೆಣ್ಣಮಕ್ಕಳ ಗಂಟಲ ಬ್ಯಾರೆ ಇರತೈತೇನ್ರಿ?" ಎಂದಳು ಶೈಲಾ. "ನನಗೂ ಅಂಜಿಕಿ ಬರಲಿಲ್ಲತ್ತಿ. ಹಡದಾಕಿ ನಾನು, ನನಗೂ ಬರಲಿಲ್ಲ. ಅದ ನನ್ನ ಸುಡಾಕತ್ತೈತಿ. ಸೋಮವಾರ ನಾ ಈಕಿನ ಕರಕೊಂಡು ಹೋಗಾಕಿ. ಯಾರು ಏನರ ಅನ್ರಿ."

ಸೋಮವಾರ ಬೆಳಿಗ್ಗೆ ಶೈಲಾ ಗುರುಸಿದ್ದನ ಮುಂದೆ ತಾಟು ಇಟ್ಟಳು. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ. "ಇವತ್ತಿಂದ ನಿನ್ನ ತುತ್ತು ನಿನ್ನ ಕೈಯಾಗ, ಅಪ್ಪಾ" ಎಂದಳು. ಅವನು ಬಾಯಿ ತೆರೆದ. ಅಕ್ಷತಾ ಬ್ಯಾಗು ಕೆಳಗಿಟ್ಟು ತಾಟಿನ ಕಡೆ ಬಾಗಿದಳು. "ಬ್ಯಾಡ" ಎಂದು ಶೈಲಾ ಅವಳ ರಟ್ಟೆ ಹಿಡಿದೆಳೆದಳು. ಅತ್ತೆಗೆ, "ಮಗ್ಗಲದಾಗ ಕುಂಡರ್ರಿ, ಆದ್ರ ಉಣಸಬ್ಯಾಡ್ರಿ. ಕೈ ಮುಗೀತೇನಿ" ಎಂದು ಹೇಳಿ ಹೊಸ್ತಿಲು ದಾಟಿದಳು. ಹುಡುಗನ ಅಳು ಬಸ್ಸಿನ ನಿಲ್ದಾಣದವರೆಗೂ ಕೇಳಿಸುತ್ತಿತ್ತು.

ದಾರಿಯುದ್ದಕ್ಕೂ ಅವಳ ಜೀವ ನಿಂತಲ್ಲಿ ನಿಲ್ಲಲಿಲ್ಲ. ಜಮಖಂಡಿಯಲ್ಲಿ ಬಸ್ಸು ಬದಲಿಸುವಾಗ ತಿರುಗಿ ಹೋಗಿಬಿಡೋಣ ಎನ್ನಿಸಿತು. ಫೋನು ಮಾಡಿದರೆ ಚನಮಲ್ಲಪ್ಪ, "ತಾಟ ಬೀಸಿ ಒಗದಾನ. ನಿನಗ ಸಮಾಧಾನ ಆತಿಲ್ಲೋ?" ಎಂದು ಇಟ್ಟುಬಿಟ್ಟ. ಬೀಳಗಿಯ ಬಸ್ಸಿನಲ್ಲಿ ಅವಳು ಹತ್ತು ಸಲ ಫೋನು ತೆಗೆದು ನೋಡಿದಳು. ಹಸಿದ ಮಗನನ್ನು ಬಿಟ್ಟು ಬಂದ ನಾನೆಂಥ ತಾಯಿ ಎಂದು ತನ್ನನ್ನು ತಾನೇ ಬೈದುಕೊಂಡಳು. ಪಕ್ಕದಲ್ಲಿ ಅಕ್ಷತಾ ಬ್ಯಾಗಿನ ಹಿಡಿಕೆ ಹಿಡಿದು ಕೂತಿದ್ದಳು.

ಶಾಲೆಯ ಕಚೇರಿಯಲ್ಲಿ ಕಾಗದಕ್ಕೆ ಸಹಿ ಹಾಕಿ ಹೊರಬರುವಾಗ ಫೋನು ಬಂತು.

"ಒಂದೂವರಿ ರೊಟ್ಟಿ ತಿಂದ" ಎಂದ ಚನಮಲ್ಲಪ್ಪ. ಅವನ ಧ್ವನಿ ಬೇರೆಯಾಗಿತ್ತು. "ಮತ್ತ ತಾಟ ಇಟ್ವಿ. ಯಾರೂ ಉಣಸಲಿಲ್ಲ. ತಾನ ಕೈ ಹಾಕಿದ. ಅಂಗಿ ತುಂಬ ಪಲ್ಯ, ಮೂಗಿಗೂ ಪಲ್ಯ."

"ಅತ್ತಿ?"

"ಮಗ್ಗಲದಾಗ ಕುಂತಾಳ. ಅವನ ಬಾಯಿ ನೋಡಕೋತ ಅಳಾಕತ್ತಾಳ."

ಶೈಲಾ ಮಗಳನ್ನು ಹುಡುಕುತ್ತ ಊಟದ ಕೋಣೆಯ ಬಾಗಿಲಿಗೆ ಬಂದಳು. ಹೊಸ ಹುಡುಗಿಯರೆಲ್ಲ ಸಾಲಾಗಿ ಕೂತಿದ್ದರು. ಅಕ್ಷತಾಳ ತಾಟಿಗೆ ಅನ್ನ ಬಿತ್ತು, ಮೇಲೆ ಸಾರು ಬಿತ್ತು. ಅವಳು ಬೇಗ ಬೇಗ ಕಲಸಿದಳು, ದುಂಡಗೆ ತುತ್ತು ಮಾಡಿದಳು, ಮಾಡಿ ಪಕ್ಕದ ಹುಡುಗಿಯ ಬಾಯಿಯ ಹತ್ತಿರ ಹಿಡಿದಳು.

ಆ ಹುಡುಗಿ ಕಣ್ಣು ಬಿಟ್ಟು ನೋಡಿದಳು. ಯಾರೋ ನಕ್ಕರು. ಅಕ್ಷತಾಳ ಕೈ ಅಲ್ಲಿಯೇ ನಿಂತಿತು, ಹಿಂದಕ್ಕೂ ಬರಲಿಲ್ಲ. ತುತ್ತು ಎಲ್ಲಿಡಬೇಕೆಂದು ತಿಳಿಯದೆ ಅವಳು ಬಾಗಿಲಲ್ಲಿದ್ದ ತಾಯಿಯ ಕಡೆ ತಿರುಗಿದಳು.

"ಅದು ನಿಂದವ್ವಾ" ಎಂದಳು ಶೈಲಾ. "ನೀ ಉಣ್ಣು."

ಅಕ್ಷತಾ ತುತ್ತನ್ನು ಬಾಯಿಗೆ ಇಟ್ಟುಕೊಂಡಳು. ನಾಲಿಗೆ ಸುಟ್ಟಿತು. ಬಾಯಿ ಅರ್ಧ ತೆರೆದು ಉಫ್ ಉಫ್ ಎಂದು ಊದಿಕೊಂಡು, ನುಂಗಿ, ಬೆರಗಿನಿಂದ ಕೇಳಿದಳು:

"ಅನ್ನ ಇಷ್ಟ ಬಿಸಿ ಇರತೈತೇನಬೇ?"