ಬಾಣಂತಿ ಕುಲುಮೆ

ಬಾಣಲೆಗೆ ಮೆತ್ತಿದ್ದ ಮಣ್ಣು ಕಾದ ಎಣ್ಣೆಗೆ ಬಿದ್ದ ಹಪ್ಪಳದಂತೆ ಉಬ್ಬಿ ಎದ್ದಿತು. ಮರುಕ್ಷಣವೇ ಢಂ ಎಂದು ಸಿಡಿದು ಹಿತ್ತಲ ತುಂಬ ಚೂರುಚೂರಾಗಿ ಬಿತ್ತು.

"ಏನೋ ಅದು, ದೀಪಾವಳಿ ಬೇಗ ಬಂತಾ?" ಒಳಗಿನ ಕೋಣೆಯಿಂದ ಅಕ್ಕ ಕೂಗಿದಳು.

"ನೀನು ಸುಮ್ಮನೆ ಮಲಗೇ," ಎಂದೆ.

ಸುಮಿತ್ರಕ್ಕ ಚೊಚ್ಚಲ ಬಾಣಂತಿ. ತೊಟ್ಟಿಲು ತವರಿನದು, ಅದನ್ನು ತೊಲೆಗೆ ತೂಗುಹಾಕುವ ಕೊಕ್ಕೆ ಸೋದರಮಾವನದು ಎಂಬುದು ನಮ್ಮಲ್ಲಿಯ ಪದ್ಧತಿ. ಎಲ್ಲರೂ ಕೊಕ್ಕೆಯನ್ನು ಅಂಗಡಿಯಿಂದ ತರುತ್ತಾರೆ. ಬಟ್ಟೆ ಹೊಲಿಯುವ ನಾನು ಮಾತ್ರ, ಕೈಯಾರೆ ಕಾಯಿಸಿ ಬಡಿದೇ ಮಾಡಿಕೊಡುತ್ತೇನೆಂದು ಭಾವನ ಮನೆಯವರ ಮುಂದೆ ಹೇಳಿಬಿಟ್ಟಿದ್ದೆ. ಹಳೆಯ ಕಬ್ಬಿಣದ ಬಾಣಲೆಯ ತಳಕ್ಕೆ ಕೊಳವೆ ಕೂರಿಸಿ, ಗಾಳಿಯೂದಲು ತಿದಿ ಕಟ್ಟಿ, ಕುಲುಮೆ ಮಾಡಿಕೊಂಡೆ. ಮೊದಲ ಬಾಣಲೆ ಕೆಂಡದ ಕಾವಿಗೆ ತಾನೇ ಸುಟ್ಟು ತೂತಾಯಿತು. ಎರಡನೆಯದಾದರೂ ಬಾಳಿಕೆ ಬರಲೆಂದು ಹುತ್ತದ ಮಣ್ಣಿಗೆ ಮರಳು, ಹೊಟ್ಟು ಕಲಸಿ ಒಳಗೆಲ್ಲ ಮೆತ್ತುತ್ತಿದ್ದೆ. ಮೆತ್ತಿದ ದಿನವೇ ಬೆಂಕಿ ಹಾಕಿ ತಿದಿ ಒತ್ತುತ್ತಿದ್ದೆ. ಪ್ರತಿ ಸಲವೂ ಅದೇ ಹಪ್ಪಳ. ನಾಮಕರಣ ಹತ್ತಿರ ಬರುತ್ತಿತ್ತು.

ಬಾಣಂತನಕ್ಕೆಂದು ಬಂದಿದ್ದ ತುಂಗತ್ತೆ, ನಮ್ಮ ಅಪ್ಪನ ತಂಗಿ, ಅಗ್ಗಿಷ್ಟಿಕೆಗೆ ಕೆಂಡ ತುಂಬಿಕೊಳ್ಳಲು ಹಿತ್ತಲಿಗೆ ಬಂದರು.

"ಅತ್ತೇ, ಕಿಟಕಿ ತೆಗೀರಿ, ಬೆಂದುಹೋಗ್ತೀನಿ!" ಒಳಗಿನಿಂದ ಅಕ್ಕನ ಗೋಳು.

"ಹಸಿಮೈ ಕಣೇ, ಗಾಳಿ ತಾಗಬಾರದು. ಬಿಸಿನೂ ಅಷ್ಟೆ, ಹದವಾಗಿ ಕೊಡಬೇಕು."

"ನನಗೊಬ್ಬಳಿಗೇ ಯಾಕೆ? ಅವನ ಬಾಣಲೆದೂ ಹಸಿಮೈನೇ. ಅದಕ್ಕೂ ಕಿವಿಗೆ ಬಟ್ಟೆ ಕಟ್ಟಿ!"

ಅತ್ತೆ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ಕೈಯಲ್ಲಿದ್ದ ಚೂರನ್ನು ಮುರಿದು ನೋಡಿದೆ. ಮೇಲೆ ಸುಟ್ಟಿತ್ತು, ಒಳಗಿನ್ನೂ ತೇವ.

ಮರುದಿನ ಹೊಸದಾಗಿ ಮೆತ್ತಿ, ಒದ್ದೆ ಗೋಣಿ ಹೊದಿಸಿ, ಗಾಳಿಯಾಡದ ಮೂಲೆಗೆ ಸರಿಸಿದೆ. ಮಣ್ಣು ನಿಧಾನವಾಗಿ ಬಿಗಿಯಿತು. ಆಮೇಲೆ ದಿನವೂ ಒಂದಿಷ್ಟು ಉಮಿಕೆಂಡದ ಕಾವು, ಅಷ್ಟೇ. ತಿದಿ ಮುಟ್ಟಲಿಲ್ಲ.

"ನಿನ್ನ ಬಾಣಂತಿ ಹೇಗಿದ್ದಾಳೋ?" ಎಂದು ಅಕ್ಕ ಬೆಳಗಾದರೆ ಕೇಳುತ್ತಿದ್ದಳು.

"ಪಥ್ಯದಲ್ಲಿದ್ದಾಳೆ. ನಿನ್ನಷ್ಟು ರಗಳೆ ಇಲ್ಲ!"

ಕೊನೆಗೊಂದು ದಿನ ಇದ್ದಿಲು ಸುರಿದು, ಉಸಿರು ಬಿಗಿಹಿಡಿದು ತಿದಿ ಒತ್ತಿದೆ. ಹಪ್ಪಳ ಏಳಲಿಲ್ಲ. ಕೆಂಡದಲ್ಲಿಟ್ಟ ಕಬ್ಬಿಣದ ಸರಳು ಕೆಂಪಾಗಿ, ಕೇಸರಿಯಾಗಿ, ನನ್ನ ಸುತ್ತಿಗೆಗೆ ಸೊಂಟ ಬಗ್ಗಿಸಿತು.

ನಾಮಕರಣದ ದಿನ ಶಾಸ್ತ್ರದಂತೆ ಮೊದಲು ತೊಟ್ಟಿಲಲ್ಲಿ ಗುಂಡುಕಲ್ಲನ್ನು ಮಲಗಿಸಿದರು. "ಟೈಲರ್ ಮಾಡಿದ ಕೊಕ್ಕೆ ಕಣ್ರೀ, ಜೋರಾಗೇ ತೂಗಿ ನೋಡೋಣ," ಎಂದರು ಭಾವನ ತಾಯಿ. ತೂಗಿದರು, ಮತ್ತೂ ಜೋರಾಗಿ ತೂಗಿದರು. ನನ್ನ ಕಣ್ಣು ತೊಲೆಯಲ್ಲೇ ನೆಟ್ಟಿತ್ತು. ಕೊಕ್ಕೆ ಕದಲಲಿಲ್ಲ. ಅವರೇ ಕಲ್ಲನ್ನೆತ್ತಿ, ಮಗುವನ್ನು ಮಲಗಿಸಿದರು.

ಸೋಬಾನೆ ಮುಗಿದು ಮನೆ ನಿಶ್ಶಬ್ದವಾದಾಗ ಮೇಲಿನಿಂದ ಕಿರ್, ಕಿರ್ ಎಂಬ ಸದ್ದು ಕೇಳಿತು.

"ಎಣ್ಣೆ ಹಾಕೋ, ಮಾವ," ಎಂದಳು ಅಕ್ಕ. ಅದುವರೆಗೆ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ.

ಸ್ಟೂಲಿನ ಮೇಲೆ ಹತ್ತಿ ನಿಂತು ಎಣ್ಣೆಬತ್ತಿಯನ್ನು ಕೊಕ್ಕೆಗೆ ಸವರಿದೆ. ಕೆಳಗೆ ಆ ಪುಟ್ಟ ಕಣ್ಣುಗಳು ರೆಪ್ಪೆ ಮಿಟುಕಿಸದೆ ನನ್ನ ಮೊಣಕೈಯನ್ನೇ ನೋಡುತ್ತ, ತೊಟ್ಟಿಲ ಜೊತೆ ಅತ್ತಿತ್ತ ಹೋಗಿಬರುತ್ತಿದ್ದವು.