ಗೋಡೆ ಕುಕ್ಕುವ ಕೋಳಿ

ಬಿಳಿಕೆರೆ ದಾಟಿ ಹುಣಸೂರಿನ ಕಡೆ ಹೋಗುವಾಗ ರಸ್ತೆಯಿಂದ ಒಂದು ಕೂಗಳತೆ ಒಳಗೆ ಕೆಂಪಾಜಮ್ಮನ ಮನೆ. ಒಂದು ದಿನ ಬೆಳಿಗ್ಗೆ ಅವಳು ಕೋಳಿಗೂಡಿಗೆ ಕೈ ಹಾಕಿದಳು. ಸಿಕ್ಕಿದ್ದು ಮೊಟ್ಟೆಯೇ, ಆದರೆ ಮೇಲೆ ಓಡೇ ಇಲ್ಲ. ತೊಗಲಿನ ಚೀಲದ ಹಾಗೆ ಮೆತ್ತಗಿತ್ತು. ಹೊರಗೆ ತೆಗೆಯುವಷ್ಟರಲ್ಲಿ ಒಡೆದು ಬೆರಳ ಸಂದಿಯಿಂದ ಲೋಳೆ ಸೋರಿತು. ಹಿಂದಿನ ದಿನವೂ ಹೀಗೇ ಆಗಿತ್ತು.

ಇಟ್ಟವಳು ಯಾರೆಂದು ಕೇಳಬೇಕಾಗಿರಲಿಲ್ಲ. ಅದು ಅಕ್ಕಯ್ಯನ ಮೊಟ್ಟೆ. ಅಕ್ಕಯ್ಯ ಅಂದರೆ ಆ ಮನೆಯ ಎಲ್ಲಕ್ಕಿಂತ ಹಳೆಯ ಕೋಳಿ. ಅಂಗಳದಲ್ಲಿ ಓಡಾಡುವ ಕೋಳಿಗಳಲ್ಲಿ ಮುಕ್ಕಾಲು ಪಾಲು ಅವಳ ಮಕ್ಕಳು, ಮೊಮ್ಮಕ್ಕಳು. ಹದ್ದು ಎರಗಿದರೆ ಮರಿಗಳನ್ನು ಹಿಂದಕ್ಕೆ ಹಾಕಿಕೊಂಡು ಹದ್ದಿನ ಮೇಲೇ ಹಾರುತ್ತಿದ್ದ ಗಟ್ಟಿಗಿತ್ತಿ. ಕೆಂಪಾಜಮ್ಮ ಹೆಸರು ಹಿಡಿದು ಕರೆದರೆ ಸಾಕು, ಎಲ್ಲಿದ್ದರೂ ಕತ್ತು ಉದ್ದ ಮಾಡಿಕೊಂಡು ಬರುತ್ತಿದ್ದಳು. ಒಂದು ಕೋಳಿಯ ಮೇಲೆ ಇಷ್ಟೊಂದು ಅಕ್ಕರೆಯೇ ಎಂದು ನಗುವವರು ನಗಲಿ. ಕೋಳಿ ಸಾಕಿದವರು ನಗುವುದಿಲ್ಲ.

ಗಂಡ ದೊಡ್ಡಮಾದಯ್ಯ ಕಂಬಕ್ಕೆ ಒರಗಿ ಇದನ್ನೆಲ್ಲ ನೋಡುತ್ತಿದ್ದ.

"ಇನ್ನೂ ಯಾಕಮ್ಮಿ ಅದ್ನ ಸಾಕ್ತೀಯ? ಓಡಿಲ್ದ ಮೊಟ್ಟೆ ಇಕ್ಕೋ ಕೋಳಿ ಮನೆಗೆ ಒಳ್ಳೇದಲ್ಲ ಕಣ. ಬರೋ ಮಂಗಳವಾರ ಮಾರಮ್ಮನ ಗುಡಿ ತಾವ ಕುಯ್ದುಬುಡಾನ."

"ಸುಮ್ಕಿರಿ. ವಯ್ಸಾದೋರ್ನೆಲ್ಲ ಕುಯ್ಯೋದಾದ್ರೆ ಮೊದ್ಲು ನಮ್ಮಿಬ್ರನ್ನ ಕುಯ್ಬೇಕು."

ಗಂಡನಿಗೆ ಗೊತ್ತಿಲ್ಲದ ಇನ್ನೊಂದು ವಿಷಯ ಅವಳಿಗೆ ಗೊತ್ತಿತ್ತು. ಸುಗ್ಗಿ ಮುಗಿದಾಗಿನಿಂದ ಅಕ್ಕಯ್ಯ ಸುಣ್ಣ ಬಳಿದ ಗೋಡೆಯನ್ನು ಕುಕ್ಕಿ ತಿನ್ನುತ್ತಿದ್ದಳು. ಗೋಡೆ ತಿನ್ನುವ ಕೋಳಿಯಿಂದ ಮನೆಗೇ ಕೇಡು ಎಂದು ಆ ಊರಿನವರ ನಂಬಿಕೆ. ಗಂಡನ ಕಣ್ಣಿಗೆ ಬಿದ್ದರೆ ಮಂಗಳವಾರದವರೆಗೂ ಕಾಯುತ್ತಿರಲಿಲ್ಲ. ಅದಕ್ಕೇ ಕೆಂಪಾಜಮ್ಮ ಗೋಡೆಯ ಬುಡಕ್ಕೆ ಸೊಂಟದೆತ್ತರದವರೆಗೂ ಸಗಣಿ, ಕೆಮ್ಮಣ್ಣು ಬಳಿದು ಸುಣ್ಣವೇ ಕಾಣದಂತೆ ಮಾಡಿದ್ದಳು. ಅದೂ ಸಾಲದೆಂದು ಅಕ್ಕಯ್ಯನನ್ನು ಹಗಲೆಲ್ಲ ಮಂಕರಿ ಕವುಚಿ ಬಚ್ಚಿಟ್ಟು, ಅನ್ನ, ಮುದ್ದೆಯ ಚೂರು, ನೆನೆಸಿದ ನುಚ್ಚು ಎಲ್ಲವನ್ನೂ ಅಲ್ಲಿಗೇ ಒಯ್ದು ತಿನ್ನಿಸುತ್ತಿದ್ದಳು. ಹೆತ್ತ ಮಗಳ ಬಾಣಂತನವನ್ನೂ ಅವಳು ಇಷ್ಟು ಮುತುವರ್ಜಿಯಿಂದ ಮಾಡಿರಲಿಕ್ಕಿಲ್ಲ. ಆದರೂ ಅಕ್ಕಯ್ಯ ದಿನದಿನಕ್ಕೆ ಸೊರಗುತ್ತಿದ್ದಳು. ಈಗ ಕಾಲೂರಿ ನಿಲ್ಲುವುದಕ್ಕೂ ಕಷ್ಟಪಡುತ್ತಿದ್ದಳು.

ಅವತ್ತು ಮಧ್ಯಾಹ್ನ ವಿಮಲಮ್ಮ ಬಂದರು. ಅವರು ಹುಣಸೂರಿನಿಂದ ಹಳ್ಳಿ ಹಳ್ಳಿಗೆ ಬಂದು ಹೆರಿಗೆ ಮಾಡಿಸುವ ಸರ್ಕಾರಿ ಸೂಲಗಿತ್ತಿ. ಪಕ್ಕದ ಮನೆಯ ಬಾಣಂತಿಯನ್ನು ನೋಡಿಕೊಂಡು, ಕೆಂಪಾಜಮ್ಮನ ಜಗಲಿಯಲ್ಲಿ ಕೂತು ಒಂದು ಲೋಟ ಮಜ್ಜಿಗೆ ಕುಡಿದು ಹೋಗುವುದು ಅವರ ರೂಢಿ.

"ಅವ್ವಾ, ಊರ್ ಬಾಣಂತೀರ್ನೆಲ್ಲ ನೋಡೋ ಕೈ ನಿಮ್ದು. ನಮ್ಮ ಅಕ್ಕಯ್ಯನ್ನೂ ಒಸಿ ನೋಡ್ತೀರಾ?" ಎಂದಳು ಕೆಂಪಾಜಮ್ಮ.

ವಿಮಲಮ್ಮ ನಕ್ಕು ಮಂಕರಿ ಎತ್ತಿದರು. ಕೋಳಿಯನ್ನು ಮಡಿಲಲ್ಲಿ ಕೂರಿಸಿಕೊಂಡು ಎದೆಮೂಳೆ ಸವರಿದರು, ಕಾಲು ಮುಟ್ಟಿ ನೋಡಿದರು. ಒಡೆದ ಮೊಟ್ಟೆಯ ಕತೆಯನ್ನೂ ಕೇಳಿದರು.

"ಕೆಂಪಾಜವ್ವ, ನಿಮ್ಮ ಸೊಂಟನೋವು ಹೆಂಗಿದೆ?"

"ಕೂತ್ರೆ ಏಳಕಾಗಲ್ಲ, ಎದ್ರೆ ಕೂರಕಾಗಲ್ಲ. ಏಳು ಮಕ್ಳ ಎತ್ತು ಒತ್ತ ಸೊಂಟ ಅಲ್ವಾ?"

"ಹೊಟ್ಟೇಲಿರೋ ಮಗೂಗೆ ಮೂಳೆ ಕಟ್ಟಬೇಕು. ತಾಯಿ ಊಟದಲ್ಲಿ ಅದಕ್ಕೆ ಬೇಕಾದ್ದು ಸಿಗದಿದ್ರೆ ತಾಯಿ ಮೂಳೆಯಿಂದಲೇ ಹೋಗುತ್ತೆ. ಇವಳದೂ ಅದೇ ಪಾಡು. ಮೊಟ್ಟೆ ಓಡು ಅಂದ್ರೆ ಪೂರ್ತಿ ಸುಣ್ಣದ ಅಂಶ. ಮೇವಲ್ಲಿ ಸಾಲದೇ ಹೋದಾಗೆಲ್ಲ ತನ್ನ ಮೂಳೆ ಕರಗಿಸಿ ನಿಮಗೆ ಮೊಟ್ಟೆ ಕೊಟ್ಟಿದ್ದಾಳೆ. ವಯಸ್ಸಾದ್ಮೇಲೆ ತಿಂದಿದ್ದು ಮೊದಲಿನಂಗೆ ಮೈಗೆ ಹತ್ತಲ್ಲ. ಅದಕ್ಕೇ ಹಳೇ ಕೋಳಿಗೆ ಸುಣ್ಣದ ಅಂಶ ಜಾಸ್ತಿ ಬೇಕು."

"ಅಂಗಾದ್ರೆ ಗೋಡೆ ತಿಂತಿದ್ದದ್ದು..." ಕೆಂಪಾಜಮ್ಮನ ಬಾಯಿಂದ ಮಾತು ಜಾರಿಬಿಟ್ಟಿತು.

ಜಗಲಿಯ ಆ ತುದಿಯಲ್ಲಿ ಕೂತಿದ್ದ ದೊಡ್ಡಮಾದಯ್ಯ ತಟಕ್ಕನೆ ಎದ್ದು ನಿಂತ. "ಏನು, ಗೋಡೆ ತಿಂತಿತ್ತಾ? ಇಷ್ಟ್ ದಿನ ನಂಗೇಳ್ಳಿಲ್ಲ!"

"ಕೂತ್ಕೊಳ್ಳಿ ದೊಡ್ಡಮಾದಯ್ಯನೋರೇ," ವಿಮಲಮ್ಮ ಹೇಳಿದರು. "ನಿಮ್ಮ ಮನೆ ಹಾಳು ಮಾಡಕ್ಕಲ್ಲ, ಅದಕ್ಕೆ ಸುಣ್ಣ ಬೇಕಿತ್ತು. ಮಾತು ಬಾರದ ಜೀವ, ಇನ್ನು ಹೆಂಗೆ ಕೇಳಬೇಕು?"

ಕೆಂಪಾಜಮ್ಮ ಸೆರಗು ಬಾಯಿಗಿಟ್ಟುಕೊಂಡು ಅತ್ತುಬಿಟ್ಟಳು. "ಕೇಳ್ತಾನೆ ಇದ್ಲು ಕಣವ್ವ. ಎಲ್ಲಿ ಕುಯ್ದಾರೋ ಅಂತ ನಾನೇ ಎಲ್ಲಾನೂ ಮುಚ್ಚಾಕ್ಬುಟ್ಟೆ." ಉಳಿಸಬೇಕೆಂದು ಮಾಡಿದ್ದೇ ಅಕ್ಕಯ್ಯನಿಗೆ ಮುಳುವಾಗಿತ್ತು.

ಅಳುತ್ತಲೇ ಎಲೆಯಡಿಕೆ ಚೀಲ ಬಿಚ್ಚಿ, ಡಬ್ಬಿಯ ಸುಣ್ಣವನ್ನು ಬೆರಳ ತುಂಬ ಬಗೆದು ಕೋಳಿಯ ಅನ್ನಕ್ಕೆ ಕಲಸಲು ಹೋದಳು. ವಿಮಲಮ್ಮ ಗಪ್ಪನೆ ಕೈ ಹಿಡಿದರು.

"ಈ ಹಸಿ ಸುಣ್ಣ ಬೇಡ! ಬಾಯಿ, ಗಂಟಲು ಎಲ್ಲ ಸುಟ್ಟುಹೋಗುತ್ತೆ. ಲಕ್ಷ್ಮಣತೀರ್ಥ ಹೊಳೆ ದಡದಲ್ಲಿ ಕಪ್ಪೆಚಿಪ್ಪು, ಬಸವನಹುಳದ ಚಿಪ್ಪು ಬೇಕಾದಷ್ಟು ಬಿದ್ದಿದೆ. ತಂದು ತೊಳೆದು ಒಣಗಿಸಿ. ರಾಗಿಕಾಳಿಗಿಂತ ಒಂಚೂರು ದಪ್ಪ ಇರೋ ಹಂಗೆ ಕುಟ್ಟಿ, ಹಿಟ್ಟು ಮಾಡಬೇಡಿ. ಅದನ್ನ ಬೇರೆ ಕರಟದಲ್ಲಿ ಇಡಿ. ಎಷ್ಟು ಬೇಕೋ ಅಷ್ಟು ಅವಳೇ ತಿಂತಾಳೆ. ಸಾಯಂಕಾಲ ಗೂಡಿಗೆ ಹೋಗೋ ಮುಂಚೆ ಮಾತ್ರ ತಪ್ಪದೆ ಸಿಗಬೇಕು, ಓಡು ಕಟ್ಟೋದು ರಾತ್ರಿ ಹೊತ್ತಲ್ಲಿ."

"ನಾವು ತಿಂದು ಎಸೆಯೋ ಮೊಟ್ಟೆ ಓಡು?"

"ಅದೂ ಆಗುತ್ತೆ. ಆದ್ರೆ ಚೆನ್ನಾಗಿ ಹುರಿದು, ಗುರುತು ಸಿಗದ ಹಂಗೆ ಪುಡಿ ಮಾಡಿ. ಹಂಗೇ ಹಾಕಿದ್ರೆ ಮೊಟ್ಟೆ ಒಡೆದು ತಿನ್ನೋ ಚಟ ಹತ್ತುತ್ತೆ. ಮರಿಗಳಿಗೆ ಇದ್ಯಾವುದೂ ಬೇಡ, ಅವಕ್ಕೆ ಜಾಸ್ತಿ ಸುಣ್ಣ ಕೆಡುಕು. ಮೊದಲು ಈ ಮಂಕರಿ ತೆಗೀರಿ ಕೆಂಪಾಜವ್ವ. ಬಿಸಿಲು ಬೀಳದ ಮೈಗೆ ಎಷ್ಟು ಸುಣ್ಣ ಕೊಟ್ರೂ ಹತ್ತಲ್ಲ. ತಿಪ್ಪೆ ಕೆದಕಲಿ, ಹುಳ, ಗೆದ್ದಲು ತಿನ್ನಲಿ. ನುಗ್ಗೆಸೊಪ್ಪು ಕಟ್ಟಿ ನೇತುಹಾಕಿ."

ದೊಡ್ಡಮಾದಯ್ಯನಿಗೆ ಇನ್ನೂ ಅನುಮಾನ. "ಸೂಲಗಿತ್ತಿ ಅವ್ವಾರ್ಗೆ ಕೋಳಿ ಇಚಾರ ಯಾರು ಏಳ್ಕೊಟ್ರು?"

"ದಸರಾಕ್ಕೆ ಮೈಸೂರಿಗೆ ಹೋಗಿದ್ದಾಗ ವಸ್ತುಪ್ರದರ್ಶನದಲ್ಲಿ ಕೋಳಿ ಸಾಕೋರು ಹೇಳ್ತಿದ್ರು. ನಮ್ಮನೆ ಕೋಳಿಗೂ ಮಾಡಿ ನೋಡಿದೆ, ಸರಿಹೋಯ್ತು. ಇವಳು ಮತ್ತೆ ಪ್ರಾಯದ ಕೋಳಿ ಆಗಿಬಿಡ್ತಾಳೆ ಅಂತ ನಾನು ಹೇಳಲ್ಲ. ಮೊಟ್ಟೆ ಕಮ್ಮಿನೇ. ಇಟ್ಟಿದ್ದು ಗಟ್ಟಿ ಇರುತ್ತೆ, ಅವಳೂ ಗಟ್ಟಿ ಇರ್ತಾಳೆ."

"ಸರಿ, ಉಣ್ಣಿಮೆಗಂಟ ನೋಡಾನ. ಆಮೇಲೆ ನನ್ನ ತಡೀಬ್ಯಾಡ ಕಣಮ್ಮಿ," ಎಂದು ಅವನು ಹೆಂಡತಿಗೆ ಹೇಳಿದ.

ಕೆಂಪಾಜಮ್ಮ ಸೊಂಟನೋವನ್ನೂ ಮರೆತು ಹೊಳೆಯ ದಡದಿಂದ ಮಡಿಲ ತುಂಬ ಚಿಪ್ಪು ತಂದಳು. ಕರಟ ಮುಂದಿಟ್ಟ ಕೂಡಲೇ ಅಕ್ಕಯ್ಯ ಮೇಲೆ ಬಿದ್ದು ತಿಂದಳು. ದಿನ ಕಳೆದಂತೆ ಕಾಲೂರಿ ನಿಂತಳು, ಬಿಸಿಲಲ್ಲಿ ಧೂಳು ಹಾರಿಸಿದಳು, ಮೊಮ್ಮಕ್ಕಳನ್ನು ಗದರಿದಳು. ಎಲ್ಲ ಸರಿಯೇ. ಮೊಟ್ಟೆ ಮಾತ್ರ ಇಡಲಿಲ್ಲ. ಹುಣ್ಣಿಮೆ ಹತ್ತಿರ ಬಂದ ಹಾಗೆಲ್ಲ ಕೆಂಪಾಜಮ್ಮನಿಗೆ ಅನ್ನ ಸೇರದಾಯಿತು.

ಹುಣ್ಣಿಮೆಯ ದಿನ ಬೆಳಿಗ್ಗೆ ದೊಡ್ಡಮಾದಯ್ಯ ಕತ್ತಿಗೆ ಕೈ ಹಾಕುತ್ತಿದ್ದ. ಗೂಡಿನಿಂದ ಅಕ್ಕಯ್ಯ ಊರಿಗೆಲ್ಲ ಕೇಳುವ ಹಾಗೆ ಕೂಗಿದಳು. ಕೆಂಪಾಜಮ್ಮನಿಗೆ ಗೂಡಿಗೆ ಕೈ ಹಾಕಲು ಧೈರ್ಯ ಬರಲಿಲ್ಲ. ಕೊನೆಗೆ ಗಂಡನೇ ಬಗ್ಗಿ ಕೈ ಹಾಕಿದ. ಬೆಚ್ಚಗಿನ ಮೊಟ್ಟೆಯನ್ನು ಹೊರಗೆ ತೆಗೆದು ಉಗುರಿನಿಂದ ತಟ್ಟಿದ, ಇನ್ನೊಮ್ಮೆ ತಟ್ಟಿದ. ಹದವಾಗಿ ಒತ್ತಿಯೂ ನೋಡಿದ. ಒಡೆಯಲಿಲ್ಲ.

ಹೆಂಡತಿಯ ಅಂಗೈಯಲ್ಲಿ ಮೊಟ್ಟೆ ಇಟ್ಟು, ಕತ್ತಿಯನ್ನು ಸೂರಿಗೆ ಸಿಕ್ಕಿಸಿ, ಅವಳ ಮುಖ ನೋಡದೆ ಹೇಳಿದ:

"ಕರಟ್ದಲ್ಲಿ ಚಿಪ್ಪು ಮುಗ್ದೋಗದೆ ಕಣಮ್ಮಿ. ಒಳೆ ತಾವ್ಕೆ ಓಗ್ಬತ್ತೀನಿ."

ತಾಯಂದಿರೇ, ನಿಮ್ಮ ಮನೆಯಲ್ಲೂ ಇಂಥ ಒಬ್ಬ ಅಕ್ಕಯ್ಯ ಇದ್ದೇ ಇರುತ್ತಾಳೆ. ಓಡು ತೆಳುವಾಯಿತೆಂದು ಅವಳನ್ನು ಶಪಿಸಬೇಡಿ, ಕತ್ತಿಯನ್ನೂ ಹುಡುಕಬೇಡಿ. ಬಿಸಿಲಿಗೆ ಬಿಡಿ, ಸೊಪ್ಪು ಹಾಕಿ, ಕುಟ್ಟಿದ ಚಿಪ್ಪನ್ನು ಅವಳ ಕೊಕ್ಕಿಗೆ ಸಿಗುವ ಕಡೆ ಇಡಿ. ಇಷ್ಟು ವರ್ಷ ನಿಮ್ಮ ಮಕ್ಕಳ ತಟ್ಟೆಗೆ ತನ್ನ ಮೂಳೆಯನ್ನೇ ಕರಗಿಸಿ ಬಡಿಸಿದ್ದಾಳೆ. ಇವತ್ತು ಸಂಜೆ ಅವಳಿಗೂ ಒಂದು ಹಿಡಿ ಬಡಿಸಿ.